ಒಂದೇ ಹಿಡಿಯ ಗರಗಸ

ಇಪ್ಪತ್ತು ಮೊಳ ಉದ್ದದ ದಿಮ್ಮಿಯನ್ನು ನಾನು ಒಬ್ಬನೇ, ಒಂದೇ ಹಗಲಿನಲ್ಲಿ, ಉದ್ದಕ್ಕೆ ಕೊಯ್ದು ಎರಡು ಮಾಡಿದ್ದೇನೆ. ಆಗ ನನಗೆ ಇಪ್ಪತ್ತೆರಡು ವರ್ಷ.

ನೋಡಿದವರು ಮೂವರು. ನನ್ನ ಗುರುಗಳಾದ ಸಣ್ಣೀರಯ್ಯನವರು, ಜೊತೆಗಾರ ಜಟ್ಟ, ಆ ಊರಿನ ಅಂಬಿಗ. ಮೂವರೂ ತೀರಿಕೊಂಡು ಎಷ್ಟೋ ವರ್ಷವಾಯಿತು. ಸುಳ್ಳು ಅನ್ನುವವರು ಅಲ್ಲಿಗೇ ಹೋಗಿ ಕೇಳಿಕೊಂಡು ಬರಲಿ.

ಸಾಕ್ಷಿ ಬೇಕೆಂದರೆ ನನ್ನ ಪಡಸಾಲೆಯ ಗೋಡೆ ನೋಡಿ. ಅಲ್ಲೊಂದು ಗರಗಸ ತೂಗುಹಾಕಿದ್ದೇನೆ. ಆಳೆತ್ತರ ಇದೆ. ಅದಕ್ಕೆ ಹಿಡಿ ಒಂದೇ.

ಮೊನ್ನೆ ಇದನ್ನು ಹೇಳಿದಾಗ ಎದುರಿಗೆ ಕೂತಿದ್ದವಳು ಪಕ್ಕದ ಮನೆಯ ನಾಗವೇಣಿ. ಬಟ್ಟೆ ಹೊಲಿಯುವವಳು. ಯಾರು ಏನು ಹೊಲಿದುಕೊಂಡು ಬಂದರೂ ಮೊದಲು ಒಳಗಡೆ ತಿರುಗಿಸಿ ನೋಡುತ್ತಾಳೆ.

"ಅಂಥಾ ಗರಗಸ ಒಬ್ರೇ ಹೇಗೆ ಎಳೀತಾರೆ ಅಜ್ಜಾ?" ಎಂದಳು.

"ಪೂರ್ತಿ ಕೇಳು. ಆಮೇಲೆ ಬಾಯಿ ಬಿಡು" ಎಂದೆ.

ನೀವೂ ಕೇಳಿ.

ಆಗ ಮರ ಕೊಯ್ಯುವ ಯಂತ್ರ ಎಲ್ಲಿತ್ತು? ಆಳೆತ್ತರದ ಗುಂಡಿ ತೋಡುತ್ತಿದ್ದರು. ಗುಂಡಿಯ ಮೇಲೆ ಅಡ್ಡಮರ ಇಟ್ಟು, ಅದರ ಮೇಲೆ ದಿಮ್ಮಿ ಉರುಳಿಸುತ್ತಿದ್ದರು. ದಿಮ್ಮಿಯ ಮೇಲೆ ಒಬ್ಬ ನಿಲ್ಲುವುದು, ಗುಂಡಿಯೊಳಗೆ ಒಬ್ಬ ಇಳಿಯುವುದು. ನಡುವೆ ಗರಗಸ.

ಮೇಲಿನವನಿಗೆ ಗಾಳಿ. ಕೆಳಗಿನವನಿಗೆ ಮರದ ಹೊಟ್ಟು.

ನಾನು ಬಯಲುಸೀಮೆಯವನು. ಹೆಸರು ಭರಮಣ್ಣ. ಒಂದು ಅರಮನೆಯ ಮರಗೆಲಸದ ಕಾರ್ಖಾನೆಯಲ್ಲಿ ಹತ್ತು ವರ್ಷ ಗುಂಡಿಯೊಳಗೆ ಕಳೆದೆ. ಅಲ್ಲಿ ಮೇಸ್ತ್ರಿ ಕೂರುವ ತನಕ ಯಾರೂ ಕೂರುವಂತಿರಲಿಲ್ಲ. ಅವರಾಗಿ ಕೇಳುವ ತನಕ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಗುಂಡಿಯಲ್ಲಿದ್ದವನು ತಲೆಯೆತ್ತಿ ಅವರ ಮುಖ ನೋಡುವುದಂತೂ ದೂರದ ಮಾತು.

ಹತ್ತು ವರ್ಷ ನಾನು ಕಂಡ ಆಕಾಶ ಗರಗಸದ ಸೀಳಿನಷ್ಟು ಅಗಲ.

ಒಂದು ದಿನ ಕಣ್ಣಿಗೆ ಬಿದ್ದ ಹೊಟ್ಟು ಒರೆಸಿಕೊಳ್ಳುತ್ತ ಆಣೆ ಇಟ್ಟೆ. ಇನ್ನು ನಿಂತರೆ ದಿಮ್ಮಿಯ ಮೇಲೇ ನಿಲ್ಲುತ್ತೇನೆ. ಗುಂಡಿಗೆ ಇಳಿಯುವುದಿದ್ದರೆ ಹೆಣವಾದ ಮೇಲೆ, ನಾಲ್ಕು ಜನ ಇಳಿಸಲಿ.

ಹಾಗೆ ಹೊರಟವನು ಸಣ್ಣೀರಯ್ಯನವರ ಆಶ್ರಮಕ್ಕೆ ಬಂದೆ. ಹೊಳೆದಂಡೆಯಲ್ಲಿ ನಾಲ್ಕು ಗುಡಿಸಲು, ಒಂದು ಗುಂಡಿ. ಅವರು ದೋಣಿ ಕಟ್ಟಿಸುತ್ತಿದ್ದರು. ಅದೇ ಅವರ ಪೂಜೆ.

"ಏನು ಬೇಕು?" ಎಂದರು.

"ದಿಮ್ಮಿಯ ಮೇಲೆ ನಿಲ್ಲಬೇಕು, ಗುರುಗಳೇ."

"ನಿಲ್ಲು."

ಅಷ್ಟೇ. ನಾನು ಹತ್ತು ವರ್ಷದಿಂದ ಸಿದ್ಧಮಾಡಿಟ್ಟುಕೊಂಡಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು.

ಕೆಲಸ ತುರ್ತಿನದು. ಊರಿನ ಹಳೆಯ ದೋಣಿಯ ತಳ ಒಡೆದಿತ್ತು. ಆಚೆ ದಂಡೆಯಲ್ಲಿ ನಲವತ್ತು ಮನೆ. ಅವರಿಗೆ ಸೂಲಗಿತ್ತಿ, ಉಪ್ಪು, ಎಣ್ಣೆ ಎಲ್ಲ ಈಚೆ. ಬೇಸಿಗೆಯಲ್ಲಿ ಹೊಳೆ ಹಾಯಬಹುದು. ಮಳೆ ಹಿಡಿದರೆ ನಾಲ್ಕು ತಿಂಗಳು ದೋಣಿಯೇ ಗತಿ. ಮಳೆಗೆ ಇನ್ನು ಇಪ್ಪತ್ತು ದಿನ.

ಆಶ್ರಮದಲ್ಲಿ ಎರಡು ದಿಮ್ಮಿ ಇದ್ದವು. ಸಣ್ಣದು ದೋಣಿಯ ಪಕ್ಕಗಳಿಗೆ. ದೊಡ್ಡದು ತಳಕ್ಕೆ. ದೊಡ್ಡದು ಹಿಂದಿನ ವರ್ಷದ ನೆರೆಯಲ್ಲಿ ತೇಲಿಬಂದದ್ದು. ಅದರ ಈಚೆ ನಿಂತರೆ ಆಚೆ ನಿಂತ ಎತ್ತಿನ ಕೊಂಬು ಕಾಣುತ್ತಿರಲಿಲ್ಲ. ಅಷ್ಟು ದಪ್ಪ. ನಗಬೇಡಿ, ನಿಂತು ನೋಡಿದವನು ನಾನು.

ನನ್ನ ಗರಗಸದ ಕೆಳಗಿನ ಹಿಡಿಗೆ ಗುರುಗಳು ಜಟ್ಟನನ್ನು ಕೊಟ್ಟರು. ಕರಾವಳಿಯವನು. ಕಡಲಿಗೆ ಹೋಗುವ ದೋಣಿಗಳಲ್ಲಿ ಬೆಳೆದವನು. ಗುರುಗಳನ್ನೇ 'ನೀನು' ಅನ್ನುತ್ತಿದ್ದ. ಗುರುಗಳು 'ಓ' ಎನ್ನುತ್ತಿದ್ದರು.

ಮೊದಲ ದಿನ ಒಂದು ಕಟ್ಟಿಗೆ ತುಂಡು ಇಟ್ಟು ಕೈ ಹೊಂದಿಸಿಕೊಳ್ಳುತ್ತಿದ್ದೆವು. ಗುಂಡಿಯೊಳಗಿಂದ ಕೂಗು ಬಂತು.

"ಏ ಭರಮ! ವಾಲ್ತಾ ಉಂಟು ನಿನ್ನದು! ಈಚೆ ತಗೋ!"

ನಾನು ಗರಗಸ ನಿಲ್ಲಿಸಿದೆ. "ಯಾರಿಗೆ ಭರಮ ಅಂತೀಯ?"

"ನಿನಗೆ. ಮತ್ತೆ ಮೇಲೆ ಇನ್ನೊಬ್ಬ ಯಾರುಂಟು?"

"ಕೆಳಗಿನವನು ಮೇಲಿನವನಿಗೆ ಹೇಳಿಕೊಡುವುದು ಎಲ್ಲಿಯ ಪದ್ಧತಿ?"

"ನಮ್ಮಲ್ಲಿ ದೋಣಿಗೆ ನೀರು ಬಂದರೆ ಮೊದಲು ಕಂಡವ ಕೂಗೋದು ಮಾರಾಯ. ಯಜಮಾನ ಎದ್ದು ಬಂದು ನೋಡಿ ಅಪ್ಪಣೆ ಕೊಡ್ಲಿ ಅಂತ ಕಾದರೆ ಎಲ್ಲರೂ ಮೀನಿನ ಹೊಟ್ಟೆಗೆ."

"ಇದು ದೋಣಿಯಲ್ಲ. ಮರ."

"ಇನ್ನೆಂತ ಆಗ್ತದೆ ಇದು, ತೊಟ್ಟಿಲಾ?"

ನಾನು ಸೀದಾ ಗುರುಗಳ ಹತ್ತಿರ ಹೋದೆ. ಕೈಕಟ್ಟಿ ನಿಂತು ಹೇಳಿದೆ. "ನಾನು ಕೇಳುವ ತನಕ ಅವನು ಮಾತಾಡಬಾರದು. ಹಾಗಿದ್ದರೆ ಮಾತ್ರ ಕೆಲಸ ನಡೆಯುತ್ತದೆ."

ಗುರುಗಳು ಜಟ್ಟನನ್ನು ಕರೆದರು.

"ಇವನು ಕೇಳುವ ತನಕ ಮಾತಾಡಬೇಡ."

"ಮರ ಹಾಳಾದರೆ ಅಯ್ಯಾ?"

"ಇವನು ಕೇಳುವ ತನಕ."

ಜಟ್ಟ ಒಪ್ಪಿದ. ನನಗೆ ಗೆದ್ದಷ್ಟು ಸಂತೋಷ.

ಮರುದಿನ ಸಣ್ಣ ದಿಮ್ಮಿ ಏರಿಸಿದೆವು. ಕೆಮ್ಮಣ್ಣು ನೀರಿನಲ್ಲಿ ಅದ್ದಿದ ದಾರ ಹಿಡಿದು ಮೇಲೊಂದು ಗೆರೆ, ಕೆಳಗೊಂದು ಗೆರೆ ಹೊಡೆದೆವು. ನಾನು ಎಳೆದೆ. ಅವನು ಎಳೆದ. ಎಂಥ ಶಾಂತಿ! ಕಾರ್ಖಾನೆಯಲ್ಲೂ ಅಷ್ಟು ನಿಶ್ಶಬ್ದ ಕಂಡವನಲ್ಲ. ನನ್ನ ಗರಗಸ ಮೇಲಿನ ಗೆರೆಯನ್ನು ಒಂದು ಕೂದಲಷ್ಟೂ ಬಿಡಲಿಲ್ಲ. ಆ ದಿನದ ನನ್ನ ಕೈ ನೋಡಬೇಕಿತ್ತು ನೀವು.

ಸಂಜೆಗೆ ದಿಮ್ಮಿ ಬಾಯಿಬಿಟ್ಟು ಎರಡಾಯಿತು.

ಹಲಗೆ ಹೊರಳಿಸಿ ನೋಡಿದೆ. ಮೇಲಿನ ಅಂಚು ದಾರದಂತೆ ನೇರ. ಕೆಳಗಿನ ಅಂಚು ನಾಲ್ಕು ಬೆರಳು ಆಚೆ ಹೋಗಿತ್ತು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಒಲೆಗಲ್ಲದೆ ಯಾವುದಕ್ಕೂ ಆಗದು.

"ನಿನಗೆ ಇದು ಕಾಣಲಿಲ್ಲವೇನೋ?" ಎಂದು ಕೂಗಿದೆ.

ಜಟ್ಟ ರೆಪ್ಪೆಯ ಮೇಲಿನ ಹೊಟ್ಟು ಕೊಡವಿದ. "ಬೆಳಿಗ್ಗೆಯಿಂದ ಕಾಣ್ತಿತ್ತು."

"ಹೇಳಬಾರದಿತ್ತಾ?"

"ನೀನು ಕೇಳಲಿಲ್ಲ."

ನಾನು ಹಲ್ಲು ಕಚ್ಚಿಕೊಂಡೆ. ಯಾಕೆಂದರೆ ಹತ್ತು ವರ್ಷದಲ್ಲಿ ನಾನೂ ಎಷ್ಟೋ ಹಲಗೆ ಹಾಗೆ ಹೋಗುವುದನ್ನು ಕೆಳಗಿಂದ ಕಂಡಿದ್ದೆ. ಬಾಯಿ ಮುಚ್ಚಿಕೊಂಡಿದ್ದೆ. ಮೇಸ್ತ್ರಿ ಬೈದಾಗ ತಲೆ ತಗ್ಗಿಸಿದ್ದೆ. ಒಳಗೊಳಗೆ ಖುಷಿಯನ್ನೂ ಪಟ್ಟಿದ್ದೆ.

ಗುರುಗಳು ಬಂದು ಹಲಗೆ ನೋಡಿದರು. ಬೈಯಲಿಲ್ಲ.

"ಪಕ್ಕಗಳಿಗೆ ಹಳೆಯ ದೋಣಿಯ ಹಲಗೆಯನ್ನೇ ಸರಿಮಾಡೋಣ. ತಳಕ್ಕೆ ದೊಡ್ಡ ದಿಮ್ಮಿ ಒಂದೇ ಇದೆ. ಅದು ಹಾಳಾದರೆ ಈ ಮಳೆಗಾಲಕ್ಕೆ ದೋಣಿ ಇಲ್ಲ" ಎಂದರು.

ಎಂಟು ಜನ ಸೇರಿ ಅದನ್ನು ಅಡ್ಡಮರದ ಮೇಲೆ ಉರುಳಿಸುವುದಕ್ಕೆ ಎರಡು ದಿನ ಹಿಡಿಯಿತು. ಅದರಲ್ಲಿ ನಾಲ್ಕು ಜನರ ಕೆಲಸ ನಾನೇ ಮಾಡಿದೆ ಅನ್ನಿ.

ಮೂರನೆಯ ದಿನ ಸೂರ್ಯ ಹುಟ್ಟುವ ಹೊತ್ತು. ನಾನು ಗರಗಸ ಹಿಡಿದು ಮೇಲೆ ಹತ್ತಿದೆ. ಹಿಂದೆಯೇ ಜಟ್ಟನೂ ಹತ್ತಿ ಬಂದ.

"ನೀನು ಯಾಕೆ ಇಲ್ಲಿ?"

"ನಾನೂ ಮೇಲೆ ನಿಲ್ತೇನೆ. ನಮ್ಮಲ್ಲಿ ಎಲ್ಲರೂ ಸಮ. ಬಾಯಿ ಕಟ್ಟಿಸಿಕೊಂಡು ಕೆಳಗೆ ನಿಲ್ಲಲಿಕ್ಕೆ ನಾನೆಂತ ಎಮ್ಮೆ ಕರುವಾ?"

"ಗುರುಗಳೇ, ನೋಡಿ ಇವನನ್ನು!" ಎಂದೆ.

"ಅಯ್ಯಾ, ನೀನೇ ನ್ಯಾಯ ಹೇಳು" ಎಂದ ಅವನು.

ಗುರುಗಳು ದಂಡೆಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದರು.

"ಇಬ್ಬರೂ ಮೇಲೆಯೇ ನಿಲ್ಲಿ" ಎಂದರು.

ನಿಂತೆವು. ಗರಗಸ ನನ್ನ ಕೈಯಿಂದ ಇಳಿಬಿದ್ದಿತ್ತು. ಅದರ ಕೆಳಗಿನ ಹಿಡಿ ಗುಂಡಿಯೊಳಗೆ ಸುಮ್ಮನೆ ತೂಗಾಡುತ್ತಿತ್ತು. ಬಿಸಿಲು ಏರತೊಡಗಿತು. ಆಚೆ ದಂಡೆಯಿಂದ ಹೆಂಗಸರು ಕೊಡ ಹೊತ್ತುಕೊಂಡು ನಮ್ಮನ್ನೇ ನೋಡುತ್ತಿದ್ದರು. ಜಟ್ಟ ಒಮ್ಮೆ ಕೆಮ್ಮಿದ. ನಾನು ಸೊಂಟದ ಬಟ್ಟೆ ಬಿಗಿದುಕೊಂಡೆ.

ಗುರುಗಳು ಗಂಜಿಯ ಬಟ್ಟಲು ತೊಳೆದಿಟ್ಟರು. ಪಂಚೆ ಎತ್ತಿ ಕಟ್ಟಿದರು. ಗುಂಡಿಗೆ ಇಳಿದರು.

"ಗುರುಗಳೇ! ಏನು ಮಾಡುತ್ತಿದ್ದೀರಿ?"

"ಹಿಡಿ ಖಾಲಿ ಇದೆ. ಹಿಡಿಯುತ್ತಿದ್ದೇನೆ."

"ನೀವು ಕೆಳಗೆ, ನಾನು ಮೇಲೆ... ನನ್ನ ಕಾಲು ನಿಮ್ಮ ತಲೆಗಿಂತ ಮೇಲೆ! ಹೊಟ್ಟೆಲ್ಲ ನಿಮ್ಮ ನೆತ್ತಿಗೆ!"

"ಹೊಟ್ಟು ಮೇಲಕ್ಕೆ ಹಾರುವ ಗರಗಸ ಇದ್ದರೆ ತಾ."

ಅರಮನೆಯಲ್ಲಿ ಮೇಸ್ತ್ರಿಯ ನೆರಳು ತುಳಿದವನಿಗೆ ಮೂರು ದಿನ ಕೆಲಸ ಇರಲಿಲ್ಲ. ಇಲ್ಲಿ ನಾನು ಗುರುವಿನ ತಲೆಯ ಮೇಲೆ ನಿಂತಿದ್ದೇನೆ. 'ನೀವು ಮೇಲೆ ಬನ್ನಿ, ನಾನು ಇಳಿಯುತ್ತೇನೆ' ಎಂಬ ಮಾತು ಗಂಟಲಿನ ತನಕ ಬಂತು. ಇಟ್ಟ ಆಣೆ ಅಡ್ಡ ನಿಂತಿತು.

ಜಟ್ಟ ಪಕ್ಕದಲ್ಲಿ ನಗುತ್ತಿದ್ದ. "ನನ್ನ ತಲೆಗೆ ಬಿದ್ದದ್ದೂ ಇದೇ ಹೊಟ್ಟು ಮಾರಾಯ. ಆಗ ನಿನ್ನ ಕಾಲು ನಡುಗಲಿಲ್ಲ."

ಕೆಳಗಿಂದ ಗುರುಗಳ ಧ್ವನಿ ಬಂತು. "ಇಳಿಯುತ್ತೀಯೋ, ಎಳೆಯುತ್ತೀಯೋ?"

ನಾನು ಕಣ್ಣು ಮುಚ್ಚಿದೆ. "ಎಳೆಯುತ್ತೇನೆ."

"ಹಾಗಾದರೆ ಕಣ್ಣು ತೆರೆದು ಎಳಿ."

ಜಟ್ಟ ದಿಮ್ಮಿಯಿಂದ ನೆಲಕ್ಕೆ ಜಿಗಿದು ಬೆಣೆಗಳನ್ನು ಆರಿಸಿಕೊಂಡ. ಸೀಳು ಮುಚ್ಚಿಕೊಳ್ಳದ ಹಾಗೆ ಬೆಣೆ ಹೊಡೆಯುವುದಕ್ಕೂ ಒಬ್ಬ ಬೇಕು.

ಎಳೆದೆ. ಗುರುಗಳು ಎಳೆದರು. ಹತ್ತು ಎಳೆತಕ್ಕೆ ನಾನು ನಿಂತೆ.

"ಗುರುಗಳೇ, ಕೆಳಗಿನ ಗೆರೆ ಸರಿ ಇದೆಯೇ?"

"ಸರಿ ಇದೆ."

ಮತ್ತೆ ಹತ್ತು.

"ಗುರುಗಳೇ, ಗೆರೆ?"

"ಒಂದು ನೂಲಿನಷ್ಟು ಹೊಳೆಯ ಕಡೆ ಹೋಗಿದೆ."

ಮಣಿಕಟ್ಟು ತಿರುಗಿಸಿದೆ. ಗೆರೆಗೆ ಬಂತು.

ಹೀಗೆ ಹೊತ್ತು ನೆತ್ತಿಗೆ ಬರುವ ತನಕ ನಡೆಯಿತು. ಎಷ್ಟು ಸಲ ಕೇಳಿದೆನೋ! ಮರದ ಮೇಲಿನ ಕಾಗೆಗಳೂ 'ಗೆರೆ, ಗೆರೆ' ಅನ್ನಲು ಕಲಿತವು.

ಕೊನೆಗೆ ಗುರುಗಳು ಎಳೆತ ನಿಲ್ಲಿಸಿದರು.

"ಇಷ್ಟು ಸಲ ಯಾಕೆ ಕೇಳುತ್ತೀ?"

"ಮೇಲೆ ನಿಂತವನಿಗೆ ಕೆಳಗಿನ ಗೆರೆ ಕಾಣುವುದಿಲ್ಲ, ಗುರುಗಳೇ."

"ಜಟ್ಟ ಕೆಳಗಿದ್ದ ದಿನ ಕಾಣುತ್ತಿತ್ತೇ?"

ನಾನು ಗರಗಸದ ಹಿಡಿಯನ್ನು ಪಂಚೆಯಲ್ಲಿ ಒರೆಸತೊಡಗಿದೆ.

ಗುರುಗಳು ಗುಂಡಿಯಿಂದ ಮೇಲೆ ಬಂದರು. ಬೆನ್ನು ನೆಟ್ಟಗಾಗಲು ಹೊತ್ತು ಹಿಡಿಯಿತು. ನೆತ್ತಿ, ಹುಬ್ಬು, ಗಡ್ಡ, ಭುಜ ಎಲ್ಲ ಕೆಂಪು ಹೊಟ್ಟು. ಅರ್ಧ ದಿಮ್ಮಿ ಬಾಕಿ ಇತ್ತು. ಅವರಿಗೆ ಇನ್ನು ಎಳೆಯಲಾಗದು ಎಂಬುದು ನಮ್ಮಿಬ್ಬರಿಗೂ ಕಂಡಿತು.

ಜಟ್ಟ ಗುಂಡಿಯನ್ನು ನೋಡಿದ. ಅವರನ್ನು ನೋಡಿದ.

"ಅಯ್ಯಾ, ಒಂದು ಮಾತು. ನಾನು ಇಳಿದರೆ ಇವನಿಗಿಂತ ಕಮ್ಮಿ ಆದ ಹಾಗೆ ಅಲ್ವಾ?"

"ನಾನು ಈಗಷ್ಟೇ ಬಂದೆ. ಎಷ್ಟು ಕಮ್ಮಿ ಆಗಿದ್ದೇನೆ, ನೋಡಿ ಹೇಳು."

ಜಟ್ಟ ಹತ್ತಿರ ಬಂದ. ಹೆಗಲ ಮೇಲಿನ ವಸ್ತ್ರ ತೆಗೆದು ಅವರ ಭುಜದ ಹೊಟ್ಟು ಒರೆಸಿದ.

ಈಗ ನನ್ನ ಸರದಿ. ಇಪ್ಪತ್ತು ಮೊಳದ ದಿಮ್ಮಿ ಕೊಯ್ಯುವುದು ಸುಲಭ. ಆ ಒಂದು ಮಾತು ಎತ್ತುವುದು ಕಷ್ಟವಾಯಿತು. ಆದರೆ ದೋಣಿ ಆಗಬೇಕಿತ್ತು. ಆಗಲೇಬೇಕಿತ್ತು.

"ಜಟ್ಟಾ."

"ಎಂತ?"

"ಕೆಳಗಿನ ಹಿಡಿ ಹಿಡಿಯುತ್ತೀಯಾ?"

"ಗೆರೆ ತಪ್ಪಿದರೆ?"

"ಕೂಗು."

"ಹೆಸರು ಹಿಡಿದು?"

"ಹೆಸರು ಹಿಡಿದೇ ಕೂಗು."

ಅವನು ಗುಂಡಿಗೆ ಇಳಿಯುತ್ತ ಹೇಳಿದ. "ಕೊಯ್ಯುವ ದಾರಿ ನಿನ್ನ ಕೈಯಲ್ಲೇ ಇರಲಿ. ಅದಕ್ಕೆ ನನ್ನ ತಕರಾರು ಇಲ್ಲ. ಇಬ್ಬರು ತಿರುಗಿಸಿದರೆ ಗರಗಸ ಸಿಕ್ಕಿಬೀಳ್ತದೆ, ನನಗೂ ಗೊತ್ತುಂಟು. ಆದರೆ ನಾನು ಕೂಗಿದರೆ ಕೇಳಿಸಿಕೋ."

ಕೂಗಿದ ನೋಡಿ! ಗೆರೆಗೆ ಕೂಗಿದ, ಗಂಟಿಗೆ ಕೂಗಿದ, ಮೇಲೆ ಹಾರಿದ ಹದ್ದಿಗೂ ಕೂಗಿದ. ನಾನು ಕೆಲವು ಕೇಳಿದೆ, ಕೆಲವು ಬಿಟ್ಟೆ. ಬಿಟ್ಟಾಗ "ಬಿಟ್ಟೆ" ಎಂದು ಹೇಳಿದೆ. ಅವನು "ಆಯ್ತು" ಎಂದ.

ಇನ್ನು ಮೂರು ಮೊಳ ಇದೆ ಎನ್ನುವಾಗ, ಸೂರ್ಯ ಇಳಿದಿದ್ದ. ನನಗೆ ಮುಗಿಸುವ ಹಟ. ಗಾಳಿಯಂತೆ ಎಳೆಯುತ್ತಿದ್ದೆ.

"ಭರಮಾ! ನಿಲ್ಲು!"

ನಿಲ್ಲಿಸಲು ಮನಸ್ಸಿರಲಿಲ್ಲ. ಮೇಲಿನ ಗೆರೆ ಕನ್ನಡಿಯ ಹಾಗೆ ಸ್ವಚ್ಛ ಇತ್ತು.

"ನಿಲ್ಲೋ ಭರಮಾ! ಕಲ್ಲು!"

ನಿಂತೆ. ಜೀವನದಲ್ಲಿ ಅಷ್ಟು ಬೇಗ ಎಂದೂ ನಿಂತವನಲ್ಲ.

ದಿಮ್ಮಿಯಿಂದ ನೆಲಕ್ಕೆ ಇಳಿದು, ಗುಂಡಿಯ ಅಂಚಿನಲ್ಲಿ ಬಗ್ಗಿ ನೋಡಿದೆ. ದಿಮ್ಮಿಯ ಕೆಳಮೈಯ ಬಿರುಕಿನಲ್ಲಿ, ಹೊಟ್ಟು ಕೆಸರು ಮೆತ್ತಿಕೊಂಡ ಕಡೆ, ಮುಷ್ಟಿಯಷ್ಟು ಕಲ್ಲು. ನೆರೆ ತುರುಕಿ ಹೋದದ್ದು. ಗರಗಸದ ಹಲ್ಲಿಗೂ ಕಲ್ಲಿಗೂ ಒಂದು ಬೆರಳು ಅಂತರ. ಇನ್ನೊಂದು ಎಳೆತ ಎಳೆದಿದ್ದರೆ ಹಲ್ಲೆಲ್ಲ ಉದುರುತ್ತಿತ್ತು. ಆ ಸೀಮೆಯಲ್ಲಿ ಅಷ್ಟು ಉದ್ದದ ಗರಗಸ ಇನ್ನೊಂದಿರಲಿಲ್ಲ.

ಉಳಿ ಹಾಕಿ ಕಲ್ಲು ತೆಗೆದೆವು. ಜಟ್ಟ ಅದನ್ನು ನನ್ನ ಕೈಗೆ ಕೊಟ್ಟ.

"ನಿನ್ನ ಅರಮನೆಯಲ್ಲಾದರೆ?" ಎಂದ.

"ಕಾಣುತ್ತಿತ್ತು. ಬಾಯಿ ಬಿಡುತ್ತಿರಲಿಲ್ಲ" ಎಂದೆ.

ಸೂರ್ಯ ಮುಳುಗುವಾಗ ದಿಮ್ಮಿ ಎರಡಾಯಿತು. ಮೇಲಿನ ಅಂಚೂ ನೇರ, ಕೆಳಗಿನ ಅಂಚೂ ನೇರ. ಹೊಟ್ಟು ಎಷ್ಟು ಬಿತ್ತೆಂದರೆ, ಊರವರು ದೀಪಾವಳಿಯ ತನಕ ಒಲೆಗೆ ಬೇರೆ ಏನೂ ಹಾಕಲಿಲ್ಲ.

ಬಡಗಿಗಳು ಹದಿಮೂರು ದಿನದಲ್ಲಿ ದೋಣಿ ಕಟ್ಟಿದರು. ನೀರಿಗೆ ಇಳಿಸಿದ ದಿನವೇ ಮೊದಲ ಮಳೆ ಬಿತ್ತು. ಮೊದಲ ಸಲ ಕೂತು ಆಚೆ ಹೋದವಳು ಸೂಲಗಿತ್ತಿ. ಸಂಜೆ ತಿರುಗಿ ಬಂದು, ಹೆಣ್ಣುಮಗು ಎಂದಳು.

ದಂಡೆಯ ತುಂಬ ಜನ. ಅಂಬಿಗ ದೋಣಿಯ ತಳವನ್ನು ಅಂಗೈಯಿಂದ ಸವರಿ ನೋಡಿದ. ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ.

"ಅಬ್ಬಾ! ಇದನ್ನು ಕೊಯ್ದವರು ಯಾರು?" ಎಂದು ಕೂಗಿದ.

"ನಾನು" ಎಂದೆ.

"ಒಬ್ಬನೇನಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಕೊಡ ಹೊತ್ತ ಹೆಂಗಸರೂ ತಿರುಗಿದರು. ಇಪ್ಪತ್ತೆರಡು ವರ್ಷ, ಏನು ಮಾಡಲಿ!

"ಮತ್ತಿನ್ನೇನು!" ಎಂದೆ.

ಜಟ್ಟ ಅಲ್ಲೇ ಇದ್ದ. ಕೂಗುವ ಬಾಯಿ ಅವನದು. ಆದರೆ ಆವತ್ತು ಕೂಗಲಿಲ್ಲ. ಹೊಳೆಯ ಕಡೆ ಮುಖ ಮಾಡಿ ನಿಂತ.

ಗುರುಗಳು ಗುಡಿಸಲಿಗೆ ಹೋಗಿ ಗರಗಸ ತಂದರು. ಅದರ ಕೆಳಗಿನ ಹಿಡಿಯನ್ನು ಒಂದು ಸಣ್ಣ ಬೆಣೆ ಬಿಗಿದಿತ್ತು. ಕಲ್ಲಿನಿಂದ ಎರಡು ಏಟು ಕೊಟ್ಟು ಬೆಣೆ ಉದುರಿಸಿದರು. ಹಿಡಿ ಕಳಚಿ ಜಟ್ಟನ ಕೈಗೆ ಇಟ್ಟರು.

ಉಳಿದ ಗರಗಸವನ್ನು ನನ್ನ ಹೆಗಲಿಗೆ ಒರಗಿಸಿದರು.

"ಇದು ನಿನಗೆ. ತೆಗೆದುಕೊಂಡು ಹೋಗು."

ನನಗೆ ಮೊದಲು ಅರ್ಥವಾಗಲಿಲ್ಲ.

"ಗುರುಗಳೇ, ಕೆಳಗಿನ ಹಿಡಿ?"

"ಅದು ನಿನಗೆ ಯಾಕೆ?"

ಮೊನ್ನೆ ಇಷ್ಟು ಹೇಳಿ ನಾನು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡೆ. ನಾಗವೇಣಿ ಎದ್ದು ಗೋಡೆಯ ಹತ್ತಿರ ಹೋದಳು. ಗರಗಸದ ಕೆಳತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಲ್ಲಿಗೆ ತುಕ್ಕು ಹಿಡಿದಿದೆ. ಅರವತ್ತು ವರ್ಷದಲ್ಲಿ ಅದು ಒಂದು ಕಡ್ಡಿಯನ್ನೂ ಕೊಯ್ದಿಲ್ಲ.

"ಅಜ್ಜಾ, ಒಬ್ಬನೇ ಕೊಯ್ದೆ ಅನ್ನೋದಕ್ಕೆ ಇದೇ ಸಾಕ್ಷಿ ಅಂದ್ರಲ್ಲ?"

"ಅಂದೆ."

"ಬೆಳಿಗ್ಗೆ ಕೆಳಗೆ ಗುರುಗಳಿದ್ರು. ಮಧ್ಯಾಹ್ನದ ಮೇಲೆ ಜಟ್ಟ ಇದ್ದ. ನೀವೇ ಹೇಳಿದ್ರಿ ಈಗ. ಇನ್ನೂ ಒಬ್ಬನೇ ಅಂತೀರಲ್ಲ?"

ನಾನು ಹೆಗಲು ಕುಣಿಸಿದೆ.

"ಮೇಲೆ ನಿಂತವನಿಗೆ ಹಾಗೇ ಕಾಣೋದು, ತಾಯಿ."